ಮಾವನ ಜೊತೆ ಈಪರ್‌ನಲ್ಲಿ ಎರಡು ದಿನ

ಮಾವ ಊರಿಂದ ಹೊರಡೋ ಮೊದಲೇ ಫೋನಿನಲ್ಲಿ ಹೇಳಿಬಿಟ್ಟಿದ್ದರು: "ಐಫೆಲ್ ಟವರು, ಸ್ವಿಟ್ಜರ್ಲೆಂಡಿನ ಹಿಮ ಎಲ್ಲಾ ನಿಮ್ಮತ್ತೆಗೆ ತೋರಿಸಮ್ಮ. ನನಗೆ ಮೊದಲನೇ ಮಹಾಯುದ್ಧ ನಡೆದ ಜಾಗ ಒಂದು ತೋರಿಸು, ಸಾಕು."

ಮಾವ ಎಂ.ಇ.ಜಿ.ಯಲ್ಲಿ, ಅಂದರೆ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ, ಇಪ್ಪತ್ತೆಂಟು ವರ್ಷ ಇದ್ದವರು. ಹಲಸೂರು ಕೆರೆ ಪಕ್ಕದ ಸೆಂಟರಿನಲ್ಲಿ ರಂಗರೂಟ್ ಆಗಿ ಸೇರಿ, ಸುಬೇದಾರ್ ಆಗಿ ನಿವೃತ್ತಿ ಹೊಂದಿ, ಈಗ ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಶುಂಠಿ ಬೆಳೆದು ನಷ್ಟ ಮಾಡಿಕೊಳ್ಳುತ್ತಾರೆ. ಮದ್ರಾಸ್ ಸ್ಯಾಪರ್ಸ್ (ಅದೇ ದಳದ ಇನ್ನೊಂದು ಹೆಸರು) ಅಂದರೆ ಇವತ್ತಿಗೂ ಬೆನ್ನು ನೆಟ್ಟಗಾಗುತ್ತದೆ. ನಮ್ಮ ಯಜಮಾನರಿಗೆ ಆ ವಾರ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಹಾಗಾಗಿ ಅಕ್ಟೋಬರ್ ಕೊನೆಯ ಒಂದು ಶುಕ್ರವಾರ, ಅತ್ತೆ ಮಾಡಿಕೊಟ್ಟ ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಚಿತ್ರಾನ್ನದ ಸಮೇತ ನಾವು ಮೂವರೇ ನೆದರ್‌ಲೆಂಡ್ಸಿನ ಐಂಡ್‌ಹೋವನ್‌ನಿಂದ ಬೆಲ್ಜಿಯಂ ಕಡೆ ಕಾರು ತಿರುಗಿಸಿದೆವು.

ಈಪರ್ ಸಣ್ಣ ಊರು. ಚೌಕದಲ್ಲಿ ದೊಡ್ಡದೊಂದು ಗಡಿಯಾರದ ಗೋಪುರ, ಅದರ ಕೆಳಗೆ ಹಿಂದಿನ ಕಾಲದ ಬಟ್ಟೆ ವ್ಯಾಪಾರಿಗಳ ಉದ್ದನೆಯ ಕಟ್ಟಡ. ನೋಡಿದರೆ ಏಳುನೂರು ವರ್ಷದಿಂದ ಅಲ್ಲೇ ನಿಂತಿದೆ ಅನ್ನಿಸುತ್ತದೆ. ಅದು ಸುಳ್ಳು. 1918ರ ಹೊತ್ತಿಗೆ ಇಡೀ ಊರು ಇಟ್ಟಿಗೆ ಚೂರಿನ ಗುಡ್ಡೆ. ಈ ಅವಶೇಷವನ್ನು ಹಾಗೇ ಬಿಟ್ಟು ಸ್ಮಾರಕ ಮಾಡೋಣ ಅಂತ ಚರ್ಚಿಲ್ ಹೇಳಿದ್ದರಂತೆ. ಊರಿನವರು ಕೇಳಲಿಲ್ಲ, ಹಳೇ ನಕ್ಷೆ ಹಿಡಿದು ಇದ್ದ ಹಾಗೇ ಮತ್ತೆ ಕಟ್ಟಿಕೊಂಡರು. ಆ ಕಟ್ಟಡ ಪೂರ್ತಿ ಮುಗಿದದ್ದು 1967ರಲ್ಲಿ. "ಹಂಗಾದ್ರೆ ಇದಕ್ಕಿಂತ ನಾನೇ ದೊಡ್ಡವನು" ಅಂದರು ಮಾವ.

ಗೈಡ್ ನಿವೃತ್ತ ಮೇಷ್ಟ್ರು. ಒಂಬತ್ತು ಸೀಟಿನ ವ್ಯಾನು. ನಮ್ಮ ಜೊತೆ ಮುತ್ತಜ್ಜನ ಸಮಾಧಿ ಹುಡುಕಿಕೊಂಡು ಬಂದಿದ್ದ ಇಂಗ್ಲೆಂಡಿನ ದಂಪತಿ, ಇಬ್ಬರು ಆಸ್ಟ್ರೇಲಿಯದವರು, ಒಬ್ಬ ಕೆನಡಾದ ಹುಡುಗ. ಅತ್ತೆ ಮಂಡಿನೋವು ಅಂತ ಹೋಟೆಲಿನಲ್ಲೇ ಉಳಿದರು. "ಸ್ಮಶಾನ ಸುತ್ತೋಕೆ ದುಡ್ಡು ಕೊಟ್ಟು ಹೋಗೋರನ್ನ ಇಲ್ಲೇ ನೋಡಿದ್ದು" ಅಂತ ಒಂದು ಮಾತು ಸೇರಿಸುವುದನ್ನು ಮರೆಯಲಿಲ್ಲ.

ಊರು ದಾಟಿದರೆ ಹೊಲವೇ ಹೊಲ. ಸಕ್ಕರೆ ಬೀಟು ಕಿತ್ತು ರಸ್ತೆ ಬದಿ ಮನೆಯೆತ್ತರ ರಾಶಿ ಹಾಕಿದ್ದರು. ಮಳೆ ಬಂದು ನಿಂತಿತ್ತು. ಒಂದು ಕಡೆ ಗೈಡ್ ವ್ಯಾನು ನಿಧಾನಿಸಿ, ಕರೆಂಟ್ ಕಂಬದ ಬುಡ ತೋರಿಸಿದರು. ತುಕ್ಕು ಹಿಡಿದು ಮಣ್ಣು ಮೆತ್ತಿದ, ಮೊಣಕೈ ಉದ್ದದ ಏನೋ ಬಿದ್ದಿತ್ತು. ನಾನು ಪೈಪಿನ ತುಂಡು ಅಂದುಕೊಂಡೆ. ಮಾವ ಕಿಟಕಿಗೆ ಮುಖ ಒತ್ತಿ, "ಶೆಲ್ ಕಣಮ್ಮ, ಸಿಡಿದಿಲ್ಲ" ಅಂದರು. ನೂರು ವರ್ಷ ದಾಟಿದ ಮೇಲೂ ರೈತರು ಉಳುವಾಗ ಇವು ಮೇಲೆ ಬರುತ್ತಲೇ ಇರುತ್ತವೆ. ರೈತ ಅದನ್ನು ಕಂಬದ ಬುಡದಲ್ಲಿಟ್ಟು ಫೋನ್ ಮಾಡುತ್ತಾನೆ, ಬೆಲ್ಜಿಯಂ ಸೇನೆಯ ಬಾಂಬ್ ದಳದವರು ಬಂದು ಒಯ್ಯುತ್ತಾರೆ. ನಮ್ಮಲ್ಲಿ ಹಾಲಿನ ಕ್ಯಾನು ರಸ್ತೆ ಬದಿ ಇಟ್ಟು ಬರುತ್ತಾರಲ್ಲ, ಅಷ್ಟೇ ಸಲೀಸು. ಕೆಲವದರಲ್ಲಿ ಇನ್ನೂ ವಿಷಾನಿಲ ಇರುತ್ತದಂತೆ. ದೊಡ್ಡ ಪ್ರಮಾಣದಲ್ಲಿ ಕ್ಲೋರಿನ್ ಅನಿಲ ಬಿಟ್ಟದ್ದು 1915ರ ಏಪ್ರಿಲ್ 22ರಂದು, ಇದೇ ಹೊಲಗಳ ಮೇಲೆ. ಹಸಿರು ಮಿಶ್ರಿತ ಹಳದಿ ಹೊಗೆ ನೆಲಕ್ಕಂಟಿಕೊಂಡು ಬಂತು ಅಂತ ಗೈಡ್ ಹೇಳುವಾಗ ಕೆನಡಾದ ಹುಡುಗ ಕಿಟಕಿ ಗಾಜು ಏರಿಸಿಕೊಂಡ. ತಮಾಷೆಗೋ ಏನೋ, ಗೊತ್ತಾಗಲಿಲ್ಲ.

ಲಾಂಗೆಮಾರ್ಕ್‌ನ ಜರ್ಮನ್ ಸ್ಮಶಾನದಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಓಕ್ ಮರಗಳ ಕೆಳಗೆ ಮಬ್ಬುಗತ್ತಲೆ, ನೆಲಕ್ಕೆ ಅಂಟಿದ ಚಪ್ಪಟೆ ಕಲ್ಲುಗಳು, ಒಂದೊಂದರ ಮೇಲೆ ಹಲವರ ಹೆಸರು. 44,000ಕ್ಕೂ ಹೆಚ್ಚು ಜನ ಇಲ್ಲಿದ್ದಾರೆ. ಅದರಲ್ಲಿ ಹತ್ತಿರ ಹತ್ತಿರ 25,000 ಮಂದಿ ಒಂದೇ ಗುಂಡಿಯಲ್ಲಿ. ಜಾಗ ನಮ್ಮೂರ ಹೈಸ್ಕೂಲ್ ಮೈದಾನಕ್ಕಿಂತ ಬಹಳ ದೊಡ್ಡದೇನಲ್ಲ. ಸೋತು ಹೋದವರಿಗೆ ಪರರ ನೆಲದಲ್ಲಿ ಎಷ್ಟು ತಾನೇ ಕೊಟ್ಟಾರು.

ಮಾವ ನಿಜವಾಗಿ ಕಳೆದುಹೋದದ್ದು ಹಿಲ್ 60ಯಲ್ಲಿ. ಹೆಸರಿಗೆ ಹಿಲ್ಲು. ರೈಲು ಹಳಿಗಾಗಿ ಅಗೆದು ಸುರಿದ ಮಣ್ಣಿನ ದಿಬ್ಬ ಅದು. ಸಮುದ್ರ ಮಟ್ಟದಿಂದ 60 ಮೀಟರ್. ಮಲೆನಾಡಿನವರು ಇದನ್ನು ದಿಣ್ಣೆ ಅಂತಲೂ ಕರೆಯಲಿಕ್ಕಿಲ್ಲ. ಈ ಚಪ್ಪಟೆ ನಾಡಿನಲ್ಲಿ ಅದರ ಮೇಲೆ ನಿಂತವನಿಗೆ ಈಪರ್ ಕಾಣುತ್ತದೆ ಅನ್ನೋದೇ ಅದರ ಬೆಲೆ. ಅದಕ್ಕಾಗಿ ನೆಲದ ಕೆಳಗೆ ಇನ್ನೊಂದು ಯುದ್ಧವೇ ನಡೆಯಿತು. ಬ್ರಿಟಿಷರ ಕಡೆಯವರು ಆಳದ ಜೇಡಿಮಣ್ಣಿನ ಪದರ ಹುಡುಕಿ ಅದರಲ್ಲಿ ಸುರಂಗ ಕೊರೆದರು. ಗುದ್ದಲಿ ಹೊಡೆದರೆ ಸದ್ದಾಗುತ್ತದಲ್ಲ, ಅದಕ್ಕೆ ಆಳು ಹಲಗೆಗೆ ಬೆನ್ನು ಕೊಟ್ಟು ಒರಗಿಕೊಂಡು, ಎರಡೂ ಕಾಲಿಂದ ಸಲಿಕೆಯನ್ನು ಮಣ್ಣಿಗೆ ತುಳಿಯುತ್ತಿದ್ದ. ಪಕ್ಕದವನು ಮಣ್ಣು ತುಂಬಿ ಹಿಂದಕ್ಕೆ ಸಾಗಿಸುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಕೊನೆಗೆ 1917ರ ಜೂನ್ 7ರ ಮುಂಜಾನೆ, ಈ ಸಾಲಿನಲ್ಲಿ 19 ಕಡೆ, ಒಟ್ಟು ಸುಮಾರು 450 ಟನ್ ಸ್ಫೋಟಕ ಒಂದಾದ ಮೇಲೊಂದು ಸಿಡಿಯಿತು.

ಈಗ ಅಲ್ಲೊಂದು ಗುಂಡನೆಯ ಕೊಳ ಇದೆ. ಬಾತುಕೋಳಿ ಇದ್ದವು. ಮಾವ ಮೇಷ್ಟ್ರನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಅವರ ಪ್ರಶ್ನೆ, ನನ್ನ ಅನುವಾದ. ಟಿಂಬರಿಂಗ್, ಅಂದರೆ ಸುರಂಗಕ್ಕೆ ಮರದ ಆಸರೆ, ಹೇಗೆ ಮಾಡಿದರು, ನೀರು ಹೇಗೆ ಎತ್ತಿದರು, ಗಾಳಿಗೆ ಏನು ವ್ಯವಸ್ಥೆ. "ನಮ್ಮ ಕೆ.ಜಿ.ಎಫ್. ಹುಡುಗರಿಗೆ ಇದು ಬೆಣ್ಣೆ ಕೊಯ್ದ ಹಾಗೆ" ಅಂತ ನಡುವೆ ಒಂದು ಸರ್ಟಿಫಿಕೇಟು. ಅವತ್ತು ಸಿಡಿಯದೆ ಉಳಿದಿದ್ದ ಒಂದು ಸುರಂಗ 1955ರಲ್ಲಿ ಸಿಡಿಲು ಬಡಿದು ಸ್ಫೋಟಿಸಿತಂತೆ, ಸತ್ತದ್ದು ಒಂದು ಹಸು. ಅದನ್ನು ಕೇಳಿ ಮಾವ ಬಹಳ ನೊಂದುಕೊಂಡರು. ಲೆಕ್ಕವಿಲ್ಲದಷ್ಟು ಜನ ಸತ್ತ ಕತೆಯನ್ನು ಬೆಳಿಗ್ಗೆಯಿಂದ ಕೇಳಿಸಿಕೊಂಡಿದ್ದವರು, ಆ ಹಸುವಿಗೆ "ಅಯ್ಯೋ ಪಾಪ" ಅಂದರು. ನನಗೂ ಹಾಗೇ ಆಗಿತ್ತು.

ಟೈನ್ ಕಾಟ್‌ಗೆ ಹೋದಾಗ ಮಧ್ಯಾಹ್ನ. ಕಾಮನ್‌ವೆಲ್ತ್ ಯುದ್ಧ ಸ್ಮಶಾನಗಳಲ್ಲೇ ಎಲ್ಲಕ್ಕಿಂತ ದೊಡ್ಡದು. ಸುಮಾರು 12,000 ಬಿಳಿ ಕಲ್ಲುಗಳು ಇಳಿಜಾರಿನ ಉದ್ದಕ್ಕೂ ಸಾಲುಗಟ್ಟಿವೆ. ಒಳಗೆ ಹೋಗುವ ದಾರಿಯಲ್ಲಿ ಎಲ್ಲಿಂದಲೋ ಒಬ್ಬ ಹುಡುಗಿಯ ಧ್ವನಿ ಕೇಳುತ್ತದೆ. ಸತ್ತವರ ಹೆಸರು ಓದುತ್ತಾಳೆ, ಒಂದು ಹೆಸರು, ಸ್ವಲ್ಪ ಮೌನ, ಇನ್ನೊಂದು ಹೆಸರು. ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಕಲ್ಲುಗಳೆಲ್ಲ ಒಂದೇ ಅಳತೆ. ಅಧಿಕಾರಿಗೂ ಸಿಪಾಯಿಗೂ ವ್ಯತ್ಯಾಸ ಇಲ್ಲ, ಹೆಣ ಊರಿಗೆ ಕಳಿಸೋದೂ ಇಲ್ಲ ಅಂತ ಆಗಲೇ ತೀರ್ಮಾನವಾಗಿತ್ತು. ಮನೆಯವರು ಬೇಕಾದರೆ ಕಲ್ಲಿನ ಬುಡದಲ್ಲಿ ಒಂದು ಮಾತು ಕೆತ್ತಿಸಬಹುದಿತ್ತು, 66 ಅಕ್ಷರದ ಮಿತಿಯಲ್ಲಿ. ಮೊದಮೊದಲು ಅಕ್ಷರಕ್ಕೆ ಮೂರೂವರೆ ಪೆನ್ನಿ ಕೇಳುತ್ತಿದ್ದರಂತೆ. ಮಗನನ್ನು ಕಳಕೊಂಡ ತಾಯಿ ಬೆರಳು ಮಡಚಿ ಅಕ್ಷರ ಎಣಿಸಿದ್ದನ್ನು ನೆನೆಸಿಕೊಂಡು ನನಗೆ ಸಂಕಟ ಆಯಿತು.

ಆದರೆ 8,300ಕ್ಕೂ ಹೆಚ್ಚು ಕಲ್ಲುಗಳ ಮೇಲೆ ಹೆಸರೇ ಇಲ್ಲ. 'ಮಹಾಯುದ್ಧದ ಒಬ್ಬ ಸೈನಿಕ' ಅಂತ ಮೇಲೆ, 'ದೇವರಿಗೆ ಗೊತ್ತಿರುವವನು' ಅಂತ ಕೆಳಗೆ. ಆ ಕೆಳಗಿನ ಮಾತು ಆರಿಸಿಕೊಟ್ಟವರು ಇಂಗ್ಲಿಷ್ ಲೇಖಕ ಕಿಪ್ಲಿಂಗ್. ಅವರ ಮಗನೂ 1915ರಲ್ಲಿ ಲೂಸ್ ಯುದ್ಧದಲ್ಲಿ ಕಾಣೆಯಾದವನೇ, ಅಪ್ಪ ಬದುಕಿರುವಷ್ಟು ದಿನ ಸಿಗಲಿಲ್ಲ.

ಮಾವ ಒಂದು ಕಲ್ಲಿನ ಮುಂದೆ ನಿಂತು, "ನಮ್ಮೂರ ಬಸವಣ್ಣನ ಗುಡಿ ಹಿಂದೆ ಒಂದು ವೀರಗಲ್ಲಿದೆಯಲ್ಲ, ಅದರಲ್ಲೂ ಹೆಸರಿಲ್ಲ" ಅಂದರು. ಇತ್ತು, ಸವೆದು ಹೋಗಿದೆ ಮಾವ, ಊರವರು ಕುಡುಗೋಲು ಮಸೆದು ಮಸೆದು ಅಂದೆ. ನನಗೆ ನೆನಪಾದದ್ದು ಬೇರೆ. ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲಿದೆ, 949ನೇ ಇಸವಿಯ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ, ಏನು ಬೇಕು ಕೇಳು ಅಂದ ಗಂಗರ ಅರಸ ಬೂತುಗನ ಹತ್ತಿರ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಹಂದಿಯ ಮೇಲೆ ಬಿದ್ದು ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿದರು. ನಾಯಿಯ ಹೆಸರು ಕಾಳಿ. ಸಾವಿರ ವರ್ಷ ದಾಟಿದರೂ ಆ ಹೆಸರು ಓದಬಹುದು. ಇದನ್ನು ಇಂಗ್ಲಿಷಿನಲ್ಲಿ ಗೈಡ್‌ಗೆ ಹೇಳಿದೆ. ಅವರು ಪುಸ್ತಕ ತೆಗೆದು ಬರೆದುಕೊಂಡರು, ಕಾಗುಣಿತ ಕೇಳಿ.

ಆ ಹೊತ್ತಿಗೆ ಮಾವ ನನ್ನಲ್ಲಿ ಮೆಲ್ಲಗೆ ಕೇಳಿದರು: "ನಮ್ಮೋರ್ ಬಗ್ಗೆ ಏನೂ ಹೇಳಲೇ ಇಲ್ಲವಲ್ಲಮ್ಮ?" ಹೌದು. ಕೊಟ್ಟಿದ್ದ ಕರಪತ್ರದಲ್ಲಿ ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗೆ ಒಂದೊಂದು ಪುಟ, ಇಂಡಿಯಾಕ್ಕೆ ಒಂದು ಸಾಲು. ಕೇಳಿದ ಮೇಲೆ ಮೇಷ್ಟ್ರು ಬಾಯಿ ಬಿಟ್ಟರು, ಮತ್ತೆ ಚೆನ್ನಾಗಿಯೇ ಬಲ್ಲವರು. 1914ರ ಸೆಪ್ಟೆಂಬರ್ ಕೊನೆಗೆ ನಮ್ಮ ಸೈನಿಕರು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದರು, ಲಾಹೋರ್ ಡಿವಿಜನ್, ಆಮೇಲೆ ಮೀರತ್ ಡಿವಿಜನ್. ಬಿಸಿಲು ನಾಡಿನ ಬಟ್ಟೆಯಲ್ಲೇ ಬಂದವರು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಈಪರ್ ಸುತ್ತಲಿನ ಕಂದಕದಲ್ಲಿದ್ದರು. ಅಕ್ಟೋಬರ್ 31ರಂದು ಹಾಲೆಬೆಕೆಯಲ್ಲಿ 129ನೇ ಬಲೂಚಿ ರೆಜಿಮೆಂಟಿನ ಖುದಾದಾದ್ ಖಾನ್, ತನ್ನ ಮಷಿನ್‌ಗನ್ ತಂಡದವರೆಲ್ಲ ಸತ್ತ ಮೇಲೂ ಗುಂಡು ಹಾರಿಸುತ್ತಲೇ ಇದ್ದು, ಬ್ರಿಟಿಷರ ಅತಿ ದೊಡ್ಡ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ (ವಿ.ಸಿ.) ಪಡೆದ. ಭಾರತೀಯ ಸೇನೆಯ ದೇಶೀ ಸಿಪಾಯಿಗೆ ಸಿಕ್ಕ ಮೊದಲ ವಿ.ಸಿ. ಅದು. ಯುದ್ಧ ಮುಗಿಯೋ ಹೊತ್ತಿಗೆ ಪಶ್ಚಿಮ ರಂಗಕ್ಕೆ ಬಂದುಹೋದ ನಮ್ಮ ಸೈನಿಕರು, ಕೂಲಿಕಾರರು ಒಂದು ಲಕ್ಷಕ್ಕೂ ಮೀರಿ. ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್, ಇತ್ತ ಬರಲಿಲ್ಲ. ಅವರ ಕುದುರೆಗಳು ಓಡಿದ್ದು 1918ರ ಸೆಪ್ಟೆಂಬರ್ 23ರಂದು, ಪ್ಯಾಲೆಸ್ಟೈನಿನ ಹೈಫಾದಲ್ಲಿ.

ರಾತ್ರಿ ಎಂಟಕ್ಕೆ ಮೆನಿನ್ ಗೇಟ್, ಈಪರ್‌ನ ಸ್ಮಾರಕ ಹೆಬ್ಬಾಗಿಲು. ಗೋಡೆ, ಮೆಟ್ಟಿಲು, ಕಮಾನು ಎಲ್ಲಿ ನೋಡಿದರೂ ಹೆಸರು, 54,000ಕ್ಕೂ ಹೆಚ್ಚು, ದೇಹ ಸಿಗದವರವು. 1929ರಿಂದ ದಿನಾ ಈ ಹೊತ್ತಿಗೆ ರಸ್ತೆ ನಿಲ್ಲಿಸಿ ಬ್ಯೂಗಲ್ ಊದುತ್ತಾರೆ. ಎರಡನೇ ಯುದ್ಧದಲ್ಲಿ ಜರ್ಮನರು ಊರು ಹಿಡಿದಿದ್ದ ನಾಲ್ಕು ವರ್ಷ ಮಾತ್ರ ಇಲ್ಲಿ ನಿಂತಿತ್ತು. ಊರು ಬಿಡುಗಡೆಯಾದ ಸಂಜೆಯೇ ಮತ್ತೆ ಶುರು. ಅತ್ತೆಗೆ ಕಾಲು ಸರಿಯಿಲ್ಲ ಅಂತ ನಿಧಾನಕ್ಕೆ ನಡೆದು ನಾವು ತಲುಪಿದಾಗ ಎಂಟಕ್ಕೆ ಐದು ನಿಮಿಷ, ಮುಂದೆಲ್ಲ ಶಾಲಾ ಮಕ್ಕಳ ತಲೆಗಳು. ಏನೂ ಕಾಣಲಿಲ್ಲ, ಕೇಳಿಸಿತು ಅಷ್ಟೇ. ಭಾರತೀಯ ಸೇನೆಯ 57ನೇ ವೈಲ್ಡ್ಸ್ ರೈಫಲ್ಸ್‌ನವರ ಹೆಸರುಗಳನ್ನು ಮಾವ ಮರುದಿನ ಬೆಳಿಗ್ಗೆ ಒಬ್ಬರೇ ಬಂದು ಓದಿದರು. ಹಿಂತಿರುಗುವಾಗ ಅತ್ತೆ ಅಂಗಡಿಯೊಂದರಲ್ಲಿ ಕೆಂಪು ಪಾಪಿ ಹೂವಿನ ಬ್ಯಾಡ್ಜ್ ನೋಡಿ, ಇದೇನು ಹೂವು ಅಂದರು. ಗಸಗಸೆಯ ದಾಯಾದಿ ಅಂದೆ. ಅದಕ್ಕೇ ಎಲ್ಲ ಮಲಗಿಬಿಟ್ಟವರೆ ಅಂದರು.

ಶನಿವಾರ ಗಡಿ ದಾಟಿ ಫ್ರಾನ್ಸಿನ ನೋವ್ ಶಪೆಲ್‌ಗೆ, ಅಲ್ಲಿನ ಭಾರತೀಯ ಸೈನಿಕರ ಸ್ಮಾರಕಕ್ಕೆ ಹೋದೆವು. ಮುಕ್ಕಾಲು ಗಂಟೆ ದಾರಿ, ನಮ್ಮ ಟೂರಿನಲ್ಲಿ ಇರಲಿಲ್ಲ. ಹೊಲದ ನಡುವೆ ನಾಲ್ಕು ರಸ್ತೆ ಕೂಡುವಲ್ಲಿ ವೃತ್ತಾಕಾರದ ಬಿಳಿ ಗೋಡೆ, ಜಾಲಿ ಕೆಲಸ, ಛತ್ರಿ, 15 ಮೀಟರ್ ಎತ್ತರದ ಕಂಬದ ತುದಿಯಲ್ಲಿ ಕಮಲ, ಬುಡದಲ್ಲಿ ಎರಡು ಕಲ್ಲಿನ ಹುಲಿ. ಇಲ್ಲೂ ದೇಹ ಸಿಗದವರೇ, 4,700ಕ್ಕೂ ಹೆಚ್ಚು. ನಾವಿದ್ದ ಒಂದೂವರೆ ಗಂಟೆಯಲ್ಲಿ ಇನ್ನೊಬ್ಬರು ಬರಲಿಲ್ಲ. ಟ್ರ್ಯಾಕ್ಟರ್ ಎರಡು ಸಲ ಹೋಯಿತು.

ಮಾವ ಗೋಡೆಯ ಎಡತುದಿಯಿಂದ ಶುರುಮಾಡಿದರು. ಸ್ಯಾಪರ್ಸ್ ಅಂಡ್ ಮೈನರ್ಸ್ ಅನ್ನೋ ಸಾಲು ಸಿಕ್ಕಿದಾಗ ಬೆರಳಿಟ್ಟು ನಿಂತರು. 1914ರ ಅಕ್ಟೋಬರ್ 28ರಂದು ಇದೇ ಊರಿನೊಳಕ್ಕೆ 47ನೇ ಸಿಖ್ಖರ ಜೊತೆ ನುಗ್ಗಿದ್ದು ಬಾಂಬೆ ಸ್ಯಾಪರ್‌ಗಳ ಎರಡು ಕಂಪನಿ. ಸುರಂಗ, ಸೇತುವೆ ಕಟ್ಟೋಕೆ ತರಬೇತಾದವರನ್ನು ಕಾಲಾಳುಗಳ ಹಾಗೆ ಬಯೋನೆಟ್ ಕೊಟ್ಟು ಮನೆಮನೆಯ ಕಾದಾಟಕ್ಕೆ ಬಿಟ್ಟರು. ಊರು ಹಿಡಿದರು, ಉಳಿಸಿಕೊಳ್ಳಲಾಗಲಿಲ್ಲ. ಸರ್ವೀಸಿನಲ್ಲಿದ್ದಷ್ಟು ದಿನ ಬಾಂಬೆ ಸ್ಯಾಪರ್ಸ್ ಅಂದರೆ ಹಾಕಿ ಮ್ಯಾಚಿನ ಎದುರಾಳಿಗಳು ಮಾವನಿಗೆ. "ಸ್ಯಾಪರ್‌ನ ಹಿಂಗೆ ಹಾಳು ಮಾಡಬಾರದು" ಅಂದರು, ನನಗಲ್ಲ, ಗೋಡೆಗೆ. ಆಮೇಲೆ, "ಬ್ರಿಗೇಡ್ ರೋಡ್ ಕೊನೇಲಿ ಪಯನಿಯರ್ ಸೈನಿಕರ ಕಲ್ಲೊಂದಿದೆ. ಎಷ್ಟು ವರ್ಷ ಅದರ ಮುಂದೆ ಓಡಾಡಿದೀನಿ. ಒಂದು ದಿನ ನಿಂತು ಓದಿಲ್ಲ."

ಬಾಗಿಲ ಪಕ್ಕ ಸಣ್ಣ ಲೋಹದ ಪೆಟ್ಟಿಗೆಯಲ್ಲಿ ಸಂದರ್ಶಕರ ಪುಸ್ತಕ ಇತ್ತು. ಮಾವ ಕನ್ನಡಕ ಹಾಕಿಕೊಂಡು, ಮಿಲಿಟರಿ ನಂಬರು, ಹುದ್ದೆ, ಹೆಸರು, ಊರು, ಹೋಬಳಿ, ತಾಲ್ಲೂಕು, ಎಲ್ಲ ಕನ್ನಡದಲ್ಲೇ ಬರೆದರು. ಜಾಗ ಸಾಲದೆ ಪಕ್ಕದ ಅಂಕಣಕ್ಕೂ ಹೋಯಿತು. ಪಿನ್‌ಕೋಡ್ ಹಾಕಲಾ ಅಂತ ಕೇಳಿದರು.

ಕಾರಿನಲ್ಲಿ ಅತ್ತೆ ಚಿತ್ರಾನ್ನದ ಡಬ್ಬಿ ತೆಗೆದಿದ್ದರು. "ನಮ್ಮ ಕಡೆಯೋರು ಯಾರಾದ್ರೂ ಸಿಕ್ಕಿದ್ರಾ?"

"ಇಲ್ಲ ಕಣೇ."

"ಮತ್ತೆ ಇಷ್ಟೊತ್ತು ಏನ್ ಓದ್ತಿದ್ರಿ?"

ಮಾವ ಕೈ ತೊಳೆಯೋಕೆ ನೀರು ಕೇಳಿದರು.