ಫಿನ್ಲೆಂಡಿನ ಚರಿತ್ರೆ ನೋಡಲು ಹೊರಟವರು ತುರ್ಕುವಿನಿಂದ ಶುರು ಮಾಡಿ

ಹೆಲ್ಸಿಂಕಿ ವಿಮಾನ ನಿಲ್ದಾಣದಲ್ಲಿ ಇಳಿದವರು ನೇರವಾಗಿ ಹೆಲ್ಸಿಂಕಿಗೇ ಹೋಗುವುದು ರೂಢಿ. ಚರಿತ್ರೆಗಾಗಿ ಹೋಗುವವರಿಗೆ ಈ ದಾರಿ ಸರಿಹೋಗುವುದಿಲ್ಲ. ಹೆಲ್ಸಿಂಕಿ ರಾಜಧಾನಿಯಾದದ್ದು 1812ರಲ್ಲಿ, ರಷ್ಯಾದ ಚಕ್ರವರ್ತಿಯ ಆಜ್ಞೆಯಿಂದ. 1809ರಲ್ಲಿ ರಷ್ಯಾದ ಕೈಸೇರುವವರೆಗೆ ಸುಮಾರು ಆರು ಶತಮಾನ ಫಿನ್ಲೆಂಡ್ ಸ್ವೀಡನ್ನಿನ ಭಾಗವಾಗಿತ್ತು, ಆ ಕಾಲದ ಕುರುಹುಗಳು ಪಶ್ಚಿಮ ಕರಾವಳಿಯ ತುರ್ಕುವಿನಲ್ಲಿವೆ. ಮೊದಲು ತುರ್ಕು, ಆಮೇಲೆ ಹೆಲ್ಸಿಂಕಿ ಮತ್ತು ಪೊರ್ವೊ, ನಂತರ ತಾಂಪೆರೆ, ರಜೆ ಉಳಿದರೆ ಪೂರ್ವದ ಗಡಿ. ಹೀಗೆ ಹೋದರೆ ಒಂಬತ್ತು ಹತ್ತು ದಿನ ಬೇಕು.

ವೀಸಾ ಷೆಂಗೆನ್ ಮಾದರಿಯದು, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲು ಹಾಕಿರಲೇಬೇಕು. ಆದರೆ ಬೇಸಿಗೆ ರಜೆಯ ಹೊತ್ತಿಗೆ ಅರ್ಜಿ ಕೊಡುವ ದಿನಾಂಕ ಸಿಗುವುದೇ ಕಷ್ಟ, ಎರಡು ಮೂರು ತಿಂಗಳ ಮೊದಲೇ ಹಾಕಿಬಿಡಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊದ್ದಿರಬೇಕು.

ವಿಮಾನ ನಿಲ್ದಾಣದಿಂದ ತುರ್ಕುವಿಗೆ ಹೋಗಲು ಹೆಲ್ಸಿಂಕಿ ನಗರದ ಮುಖ್ಯ ನಿಲ್ದಾಣದವರೆಗೆ ಹೋಗಬೇಕಿಲ್ಲ. ಸ್ಥಳೀಯ ರೈಲಿನಲ್ಲಿ ಪಾಸಿಲ ನಿಲ್ದಾಣಕ್ಕೆ ಬಂದು ಅಲ್ಲಿ ತುರ್ಕು ರೈಲು ಹತ್ತಿ, ಅಲ್ಲಿಂದ ಸುಮಾರು ಎರಡು ಗಂಟೆ. ಸ್ಥಳೀಯ ರೈಲಿಗೆ ಎ, ಬಿ, ಸಿ ಮೂರೂ ವಲಯಗಳ ಟಿಕೆಟ್ ಬೇಕು, ಏಕೆಂದರೆ ವಿಮಾನ ನಿಲ್ದಾಣ ಸಿ ವಲಯದಲ್ಲಿದೆ. ಎ, ಬಿ ಟಿಕೆಟ್ ತೆಗೆದುಕೊಂಡು ಹತ್ತಿದವರು ದಂಡ ಕಟ್ಟಬೇಕಾಗುತ್ತದೆ. ದೂರದ ರೈಲಿನ ಟಿಕೆಟ್ ಬೇರೆ. ಅದನ್ನು ಮುಂಚೆ ಕೊಂಡಷ್ಟೂ ಅಗ್ಗ, ಆದರೆ ವಿಮಾನ ತಡವಾದರೆ ಕೈತಪ್ಪುತ್ತದೆ. ಎರಡರ ನಡುವೆ ಮೂರು ಗಂಟೆಯಾದರೂ ಬಿಡುವು ಇಟ್ಟುಕೊಳ್ಳಿ.

ಊರಿನ ಹೆಸರುಗಳಲ್ಲಿ ಹೊಸಬರು ಎಡವುತ್ತಾರೆ. ಸ್ವೀಡಿಷ್ ಇಂದಿಗೂ ಅಲ್ಲಿ ಅಧಿಕೃತ ಭಾಷೆ, ಹಾಗಾಗಿ ಅನೇಕ ಊರುಗಳಿಗೆ ಎರಡೆರಡು ಹೆಸರು. ತುರ್ಕು ಎಂದರೂ ಓಬು ಎಂದರೂ ಒಂದೇ ಊರು, ಹೆಲ್ಸಿಂಕಿಯೇ ಹೆಲ್ಸಿಂಗ್‌ಫೋರ್ಸ್. ಇನ್ನೊಂದು ತೊಡಕು ಫಿನ್ನಿಷ್ ವ್ಯಾಕರಣದ್ದು, ಅದು ಕನ್ನಡಿಗರಿಗೆ ಬೇಗ ಹಿಡಿತಕ್ಕೆ ಬರುತ್ತದೆ. ಫಿನ್ನಿಷ್ ಇಂಡೋ-ಯುರೋಪಿಯನ್ ಬಳಗದ್ದಲ್ಲ, ಯುರಾಲಿಕ್ ಬಳಗದ್ದು. ನಮ್ಮ ವಿಭಕ್ತಿಗಳ ಹಾಗೆಯೇ ಅದೂ ಪ್ರತ್ಯಯವನ್ನು ಪದದ ಕೊನೆಗೆ ಅಂಟಿಸುತ್ತದೆ. 'ತಾಲೊ' ಎಂದರೆ ಮನೆ, 'ತಾಲೊಸ್ಸ' ಎಂದರೆ ಮನೆಯಲ್ಲಿ. ತುರ್ಕುವಿಗೆ ಎನ್ನಲು 'ತುರ್ಕೂನ್', ತುರ್ಕುವಿನಿಂದ ಎನ್ನಲು 'ತುರುಸ್ತ'. ಎರಡನೆಯದರಲ್ಲಿ ಕಕಾರವೇ ಬಿದ್ದುಹೋಗಿದೆ ನೋಡಿ. ಫಲಕದಲ್ಲಿ ಊರಿನ ಹೆಸರು ಸಿಗದಿದ್ದರೆ ಮೊದಲ ಎರಡು ಮೂರು ಅಕ್ಷರ ಹುಡುಕಿ.

ತುರ್ಕುವಿನಲ್ಲಿ ಎರಡು ದಿನ ಇರಿ. ಔರಾ ನದಿಯ ದಂಡೆಯ ಕೆಥೆಡ್ರಲ್ 1300ರಲ್ಲಿ ಪ್ರತಿಷ್ಠಾಪನೆಯಾದದ್ದು. ಕೋಟೆ 1280ರ ಸುಮಾರಿಗೆ ಶುರುವಾದದ್ದು, ಅದಿರುವುದು ಊರಾಚೆ, ಬಂದರಿನ ಹತ್ತಿರ. ಮಾರುಕಟ್ಟೆ ಚೌಕದಿಂದ 1ನೇ ನಂಬರಿನ ಬಸ್ಸು ಹೋಗುತ್ತದೆ. ಕೋಟೆಗೆ ಮೂರು ಗಂಟೆ ಇಟ್ಟುಕೊಳ್ಳಿ, ಒಳಗೆ ಕಡಿದಾದ ಕಲ್ಲು ಮೆಟ್ಟಿಲುಗಳಿವೆ, ಮಂಡಿನೋವಿರುವವರಿಗೆ ತ್ರಾಸ. ಇಡೀ ತುರ್ಕುವಿನಲ್ಲಿ ಒಂದೇ ಒಂದು ಜಾಗ ನೋಡಬಹುದು ಎಂದಾದರೆ ಲುವೊಸ್ತರಿನ್‌ಮ್ಯಾಕಿಗೆ ಹೋಗಿ. 1827ರ ಬೆಂಕಿ ಊರಿನ ಬಹುಪಾಲನ್ನು ಸುಟ್ಟಾಗ ಈ ಗುಡ್ಡದ ಮರದ ಮನೆಗಳು ಉಳಿದುಕೊಂಡವು. ಬೇರೆಡೆಯಿಂದ ತಂದು ಜೋಡಿಸಿದವಲ್ಲ, ಇದ್ದಲ್ಲೇ ಇವೆ. ಕುಶಲಕರ್ಮಿಗಳ ಇಕ್ಕಟ್ಟಾದ ಕೋಣೆಗಳಲ್ಲಿ ನಿಂತಾಗ ಬಡಜನರ ಬದುಕು ಅರ್ಥವಾಗುವಷ್ಟು ಕೋಟೆಯಲ್ಲಿ ಆಗುವುದಿಲ್ಲ. ಇದು ಮುಖ್ಯವಾಗಿ ಬೇಸಿಗೆಯ ಮ್ಯೂಸಿಯಂ, ತೆರೆದಿರುವ ತಿಂಗಳು ನೋಡಿಕೊಂಡೇ ಹೊರಡಿ. ಬೆಂಕಿಯ ನಂತರ, 1640ರಲ್ಲಿ ಸ್ಥಾಪನೆಯಾಗಿದ್ದ ವಿಶ್ವವಿದ್ಯಾಲಯವೂ ಹೆಲ್ಸಿಂಕಿಗೆ ಹೋಯಿತು.

ಹೆಲ್ಸಿಂಕಿಯ ಸೆನೆಟ್ ಚೌಕದಲ್ಲಿ ಎಲ್ಲರೂ ಬಿಳಿ ಕೆಥೆಡ್ರಲ್ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ನಡುವಿನ ಪ್ರತಿಮೆಯ ಹತ್ತಿರ ಹೋಗಿ. ಅದು ರಷ್ಯಾದ ಎರಡನೇ ಅಲೆಕ್ಸಾಂಡರನದು, ನಿಲ್ಲಿಸಿದ್ದು 1894ರಲ್ಲಿ. ಸ್ವತಂತ್ರ ದೇಶದ ನಟ್ಟನಡುವೆ ಪರದೇಶದ ಚಕ್ರವರ್ತಿ ಇನ್ನೂ ಏಕಿದ್ದಾನೆ? 1863ರಲ್ಲಿ ಆತ ಫಿನ್ಲೆಂಡಿನ ಪ್ರತಿನಿಧಿ ಸಭೆಯನ್ನು ಮತ್ತೆ ಕರೆಸಿದ, ಫಿನ್ನಿಷ್ ಭಾಷೆಗೆ ಆಡಳಿತದಲ್ಲಿ ಜಾಗ ಸಿಗುವಂತೆ ಆಜ್ಞೆ ಹೊರಡಿಸಿದ. 1899ರ ನಂತರ ರಷ್ಯಾ ಆ ಹಕ್ಕುಗಳನ್ನು ಕಿತ್ತುಕೊಳ್ಳಲು ಹೊರಟಾಗ ಜನ ಇದೇ ಪ್ರತಿಮೆಯ ಬುಡದಲ್ಲಿ ಹೂವಿಟ್ಟು ಪ್ರತಿಭಟಿಸಿದರು. ಪೀಠದ ಸುತ್ತ ಇರುವ ಶಿಲ್ಪಗಳಲ್ಲಿ ಕಾನೂನಿನ ಮೂರ್ತಿ ಮುಂಭಾಗದಲ್ಲಿದೆ. ಫಿನ್ನರ ರಾಜಕೀಯದ ದಾರಿ ಅಲ್ಲೇ ತಿಳಿಯುತ್ತದೆ: ಕಾನೂನನ್ನು ಹಿಡಿದುಕೊಂಡು ಬಿಡದಿರುವುದು.

ಆ ಕಾನೂನಿನ ಮಾತು ಶುರುವಾದದ್ದು ಪೊರ್ವೊದಲ್ಲಿ. 1809ರಲ್ಲಿ ರಷ್ಯಾದ ಚಕ್ರವರ್ತಿ ಮೊದಲನೇ ಅಲೆಕ್ಸಾಂಡರ್ ಅಲ್ಲಿನ ಕೆಥೆಡ್ರಲ್‌ನಲ್ಲಿ ಫಿನ್ನರ ಧರ್ಮ, ಕಾನೂನುಗಳನ್ನು ಉಳಿಸುವ ಭರವಸೆ ಕೊಟ್ಟ. ಸಾಮಾನ್ಯ ರೈಲು ಆ ಊರಿಗಿಲ್ಲ. ಹೆಲ್ಸಿಂಕಿಯ ಕಾಂಪ್ಪಿ ಬಸ್ ನಿಲ್ದಾಣದಿಂದ ಸುಮಾರು ಒಂದು ಗಂಟೆ, ಅರ್ಧ ದಿನ ಸಾಕು.

ಸುವೊಮೆನ್ಲಿನ್ನ ಕೋಟೆಗೆ ಒಂದು ದಿನ ಮೀಸಲಿಡಿ. 1748ರಲ್ಲಿ ಸ್ವೀಡನ್ ಕಟ್ಟಲು ಶುರುಮಾಡಿ, 1808ರಲ್ಲಿ ರಷ್ಯಾಕ್ಕೆ ಒಪ್ಪಿಸಿ, 1918ರಲ್ಲಿ ಫಿನ್ನಿಷ್ ಹೆಸರು ಪಡೆದ ದ್ವೀಪಕೋಟೆ ಅದು. ಹೆಲ್ಸಿಂಕಿಯ ಮಾರುಕಟ್ಟೆ ಚೌಕದಿಂದ ದೋಣಿಯಲ್ಲಿ ಕಾಲು ಗಂಟೆ. ದೋಣಿಗೆ ನಗರ ಸಾರಿಗೆಯ ಟಿಕೆಟೇ ನಡೆಯುತ್ತದೆ, ಆದರೆ ಒಂಟಿ ಟಿಕೆಟ್ಟಿನ ಅವಧಿ ವಾಪಸು ಬರುವಷ್ಟರಲ್ಲಿ ಮುಗಿದಿರುತ್ತದೆ, ಇಡೀ ದಿನದ ಟಿಕೆಟ್ ಕೊಳ್ಳಿ. ಸುರಂಗಗಳಲ್ಲಿ ಬೆಳಕಿಲ್ಲ, ಟಾರ್ಚ್ ಬೇಕೇ ಬೇಕು. ದಾರಿ ಉರುಟು ಕಲ್ಲುಗಳದ್ದು, ಗಾಳಿ ಬೇಸಿಗೆಯಲ್ಲೂ ತಣ್ಣಗೆ ಕೊರೆಯುತ್ತದೆ.

ರಾಷ್ಟ್ರೀಯ ಮ್ಯೂಸಿಯಂ ನಂಬಿಕೊಂಡು ಯೋಜನೆ ಹಾಕಬೇಡಿ. ಅದು 2023ರಲ್ಲಿ ನವೀಕರಣಕ್ಕೆಂದು ಮುಚ್ಚಿತು, 2027ರಲ್ಲಿ ತೆರೆಯುವ ಯೋಜನೆಯಿದೆ. ಅನೇಕ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಜೂನ್ ಕೊನೆಯ ಯುಹಾನ್ನುಸ್ ಎಂಬ ನಡುಬೇಸಿಗೆಯ ಹಬ್ಬಕ್ಕೆ ನಗರಗಳೇ ಖಾಲಿಯಾಗುತ್ತವೆ, ಆ ಶುಕ್ರವಾರ, ಶನಿವಾರಗಳನ್ನು ಪ್ರಯಾಣಕ್ಕೂ ಇಟ್ಟುಕೊಳ್ಳಬೇಡಿ. ನಾಲ್ಕೈದಕ್ಕಿಂತ ಹೆಚ್ಚು ಮ್ಯೂಸಿಯಂ ನೋಡುವವರು ವರ್ಷದ ಮ್ಯೂಸಿಯಂ ಕಾರ್ಡಿನ ಲೆಕ್ಕ ಹಾಕಿ ನೋಡಿ, 300ಕ್ಕೂ ಹೆಚ್ಚು ಕಡೆ ಅದು ನಡೆಯುತ್ತದೆ.

ತಾಂಪೆರೆ ಹತ್ತಿ ಗಿರಣಿಗಳ ಊರು. 1917ರ ಡಿಸೆಂಬರ್ 6ರಂದು ಸ್ವಾತಂತ್ರ್ಯ ಘೋಷಣೆಯಾಗಿ ಎರಡು ತಿಂಗಳು ತುಂಬುವ ಮೊದಲೇ ಸಮಾಜವಾದಿಗಳ ಕೆಂಪು ಪಡೆ, ಅವರ ವಿರೋಧಿಗಳ ಬಿಳಿ ಪಡೆ ಎಂದು ದೇಶ ಒಡೆದು ಕಾದಾಡಿತು. ಸತ್ತವರು 36,000ಕ್ಕೂ ಹೆಚ್ಚು. ಸುಮಾರು ಮೂವತ್ತು ಲಕ್ಷ ಜನರ ದೇಶಕ್ಕೆ ಅದು ತಡೆಯಲಾರದ ಪೆಟ್ಟು. ಕೆಂಪು ಪಡೆಯ ಕೋಟೆಯಾಗಿದ್ದ ತಾಂಪೆರೆ 1918ರ ಏಪ್ರಿಲ್ 6ರಂದು ಬಿತ್ತು. ವಾಪ್ರೀಕ್ಕಿ ಮ್ಯೂಸಿಯಂನಲ್ಲಿ ಇದರ ಪ್ರದರ್ಶನವಿದೆ, ಎರಡು ಗಂಟೆ ಕೊಡಿ. ಈ ಯುದ್ಧವನ್ನು ಕೆಲವರು ಸ್ವಾತಂತ್ರ್ಯ ಯುದ್ಧವೆಂದರು, ಕೆಲವರು ದಂಗೆಯೆಂದರು. ಸ್ಥಳೀಯರ ಜೊತೆ ಮಾತಾಡುವಾಗ ಅಂತರ್ಯುದ್ಧ ಎನ್ನುವುದೇ ಲೇಸು. ನಿಮ್ಮ ಮನೆಯವರು ಯಾವ ಕಡೆಯಿದ್ದರು ಎಂದು ಕೇಳಬೇಡಿ, ಗಾಯ ಪೂರ್ತಿ ಮಾಗಿಲ್ಲ.

ಪೂರ್ವದ ಸುವೊಮುಸ್ಸಲ್ಮಿಗೆ ಕಯಾನಿಯಿಂದ ಬಾಡಿಗೆ ಕಾರು ಬೇಕು. 1940ರ ಜನವರಿಯಲ್ಲಿ ಸೋವಿಯತ್ 44ನೇ ಡಿವಿಜನ್ ನಾಶವಾದ ರಾತೆ ರಸ್ತೆ ಅಲ್ಲಿದೆ. ಸೋವಿಯತ್ ದಾಳಿಯ ವಿರುದ್ಧ ಫಿನ್ನರು ಹೋರಾಡಿದ ಚಳಿಗಾಲದ ಯುದ್ಧ ನಡೆದ 105 ದಿನಗಳಿಗೆ 105 ಗಂಟೆಗಳನ್ನು ತೂಗುಬಿಟ್ಟ ಸ್ಮಾರಕವಿದೆ, ಸುತ್ತಲಿನ ಬಯಲಿನಲ್ಲಿ ಸಾವಿರಾರು ಕಲ್ಲುಗಳು. ಗಾಳಿ ಬೀಸಿದಾಗ ಗಂಟೆಗಳು ತಾವಾಗಿ ಮಿಡಿಯುತ್ತವೆ, ಅವಸರ ಮಾಡಬೇಡಿ. ಮುಸ್ಸಂಜೆ ಕಾರು ಓಡಿಸುವಾಗ ರಸ್ತೆಗೆ ನುಗ್ಗುವ ಮೂಸ್ ಎಂಬ ಜಿಂಕೆಜಾತಿಯ ಪ್ರಾಣಿಗಳ ಬಗ್ಗೆ ಎಚ್ಚರವಿರಲಿ, ಅವು ನಮ್ಮ ಕಡವೆಗಿಂತ ಬಹಳ ದೊಡ್ಡವು. ಆ ಯುದ್ಧದ ಕೊನೆಗೆ ಕೈತಪ್ಪಿದ ವೀಪುರಿ ನಗರ ಈಗ ರಷ್ಯಾದಲ್ಲಿದೆ. ಹಿಂದೆ ಹೆಲ್ಸಿಂಕಿಯಿಂದ ರೈಲಿತ್ತು, ಈಗಿಲ್ಲ, ರಷ್ಯಾದ ಕಡೆಯ ರಸ್ತೆ ಗಡಿಗಳು 2023ರ ಕೊನೆಯಿಂದ ಮುಚ್ಚಿವೆ. ರಾತೆ ರಸ್ತೆ ಗಡಿಯತ್ತಲೇ ಸಾಗುತ್ತದೆ. ಗಡಿವಲಯದ ಹಳದಿ ಫಲಕ ಕಂಡ ಕೂಡಲೇ ಕಾರು ತಿರುಗಿಸಿ, ಪರವಾನಗಿಯಿಲ್ಲದೆ ಮುಂದೆ ಹೋಗುವುದು ಅಪರಾಧ.