ಓಎಇ ‘ಪಾಸ್’ ಆದ ಮೇಲೂ ಬೇರಾ ಯಾಕೆ ಬೇಕು

ತಟ್ಟೆ ಬಿದ್ದರೆ ಮಗು ಬೆಚ್ಚುತ್ತದೆ, ಅಂದಮೇಲೆ ಕಿವಿ ಸರಿಯಿದೆ ಎಂದು ಎಷ್ಟೋ ಮನೆಗಳಲ್ಲಿ ಸಮಾಧಾನಪಡುತ್ತಾರೆ. ತಟ್ಟೆಯ ಸದ್ದು ಮಾತಿಗಿಂತ ಎಷ್ಟೋ ಜೋರು. ಮಧ್ಯಮ ಪ್ರಮಾಣದ ಶ್ರವಣದೋಷವಿರುವ ಮಗುವೂ ಅದಕ್ಕೆ ಬೆಚ್ಚುತ್ತದೆ. ಕೇಳಿಸಿತೋ ಇಲ್ಲವೋ ಎಂದು ಹೇಳಲಾಗದ ಕೂಸಿಗೆ ಯಂತ್ರವೇ ಅಳೆಯುವ ಪರೀಕ್ಷೆ ಬೇಕು.

ಮೊದಲು ಮಾಡುವುದು ಓಎಇ (ಒಟೋಅಕೌಸ್ಟಿಕ್ ಎಮಿಷನ್), ಅಂದರೆ ಒಳಗಿವಿಯಿಂದ ಹೊಮ್ಮುವ ಧ್ವನಿಯನ್ನು ಹಿಡಿಯುವ ಪರೀಕ್ಷೆ. ಸದ್ದು ಕೇಳಿಸಿದಾಗ ಒಳಗಿವಿಯ ಹೊರ ರೋಮಕೋಶಗಳು ತಾವೂ ಸಣ್ಣ ಧ್ವನಿ ಹೊಮ್ಮಿಸುತ್ತವೆ. 1978ರಲ್ಲಿ ಡೇವಿಡ್ ಕೆಂಪ್ ಇದನ್ನು ತೋರಿಸಿಕೊಟ್ಟರು. ಕಿವಿಯಲ್ಲಿಟ್ಟ ಪ್ರೋಬ್‌ನ ಮೈಕ್ ಅದನ್ನು ಹಿಡಿಯುತ್ತದೆ. ಹುಟ್ಟಿದ ಮೊದಲ 24 ಗಂಟೆಯೊಳಗೆ ಮಾಡಿದರೆ ನಾಳದಲ್ಲಿ ಉಳಿದ ಬಿಳಿ ಲೇಪ, ನಡುಗಿವಿಯ ದ್ರವದಿಂದ ‘ರೆಫರ್’ (ಮತ್ತೆ ಪರೀಕ್ಷಿಸಿ ಎಂಬ ಫಲಿತಾಂಶ) ಬರುವುದು ಹೆಚ್ಚು. ಗಾಬರಿ ಬೇಡ, ಆದರೆ ಮರುಪರೀಕ್ಷೆಯನ್ನು ದಯವಿಟ್ಟು ತಪ್ಪಿಸಬೇಡಿ.

ಓಎಇ ಶ್ರವಣನರವನ್ನು ಪರೀಕ್ಷಿಸುವುದೇ ಇಲ್ಲ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) 5 ದಿನಕ್ಕಿಂತ ಹೆಚ್ಚು ಇದ್ದ ಅಥವಾ ಕಾಮಾಲೆ ಏರಿ ರಕ್ತ ಬದಲಾಯಿಸಬೇಕಾಗಿ ಬಂದ ಮಕ್ಕಳಲ್ಲಿ ರೋಮಕೋಶ ಚೆನ್ನಾಗಿದ್ದೂ ನರದ ಸಂಕೇತ ಕೆಟ್ಟಿರಬಹುದು. ಇದು ಆಡಿಟರಿ ನ್ಯೂರೋಪತಿ. ಅಂಥವರಿಗೆ ‘ಪಾಸ್’ ಚೀಟಿ ಸಾಲದು, ಸದ್ದಿಗೆ ಶ್ರವಣನರ ಮತ್ತು ಮಿದುಳುಕಾಂಡ ಕೊಡುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಬೇರಾ ಆಗಲೇಬೇಕು.

ಬೇರಾಕ್ಕೆ ಹಣೆಯ ಮೇಲೆ, ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಇಂಪೀಡೆನ್ಸ್ (ಚರ್ಮ–ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕೆಳಗಿರಬೇಕು. ಆದ್ದರಿಂದ ಆ ದಿನ ಮಗುವಿನ ತಲೆಗೆ, ಹಣೆಗೆ ಎಣ್ಣೆ ಹಚ್ಚಬೇಡಿ. ದಾರಿಯಲ್ಲಿ ನಿದ್ದೆ ಮಾಡಿಸದೆ ಕರೆತಂದು, ಅಲ್ಲೇ ಹಾಲು ಕುಡಿಸಿ ಮಲಗಿಸಿ. ಕೈಕಾಲು ಆಡಿಸಿದರೆ ಸ್ನಾಯುವಿನ ವಿದ್ಯುತ್ತು ನರದ ಅಲೆಗಳನ್ನು ಮುಚ್ಚಿಬಿಡುತ್ತದೆ. ಒಂದೊಂದು ಮಟ್ಟದಲ್ಲೂ ಸುಮಾರು 2,000 ಸಲ ಸದ್ದು ಕೇಳಿಸಿ ಸರಾಸರಿ ತೆಗೆಯುತ್ತಾರೆ. ಸದ್ದು ಇಳಿಸುತ್ತಾ ಹೋಗಿ, ನರದ ಅಲೆಗಳ ಸಾಲಿನಲ್ಲಿ ಐದನೆಯದು ಕೊನೆಯದಾಗಿ ಕಾಣುವ ಮಟ್ಟವನ್ನು ಗುರುತಿಸುತ್ತಾರೆ. ಜೋರು ಕ್ಲಿಕ್‌ಗೆ (‘ಟಕ್’ ಎನ್ನುವ ಕ್ಷಣಿಕ ಸದ್ದು) ವಯಸ್ಕರಲ್ಲಿ ಅದು 5.5–6 ಮಿಲಿಸೆಕೆಂಡಿಗೆ ಬರುತ್ತದೆ, ಎಳೆಗೂಸಿನಲ್ಲಿ ಇನ್ನೂ ತಡ. ವಯಸ್ಕರ ಅಳತೆಗೋಲಿನಲ್ಲಿ ಓದಿದರೆ ಇಲ್ಲದ ದೋಷ ಕಾಣುತ್ತದೆ.

ಕ್ಲಿಕ್ ಬೇರಾ ಹೇಳುವುದು ಮುಖ್ಯವಾಗಿ 2,000–4,000 ಹರ್ಟ್ಸ್ ಬಗ್ಗೆ. ಶ್ರವಣಯಂತ್ರ ಹೊಂದಿಸಲು ಅದೊಂದೇ ಸಾಲದು. 500, 1,000 ಹರ್ಟ್ಸ್‌ಗೂ ಟೋನ್‌ಬರ್ಸ್ಟ್ ಬೇರಾ (ಆಯಾ ಸ್ವರದ ಚಿಕ್ಕ ತುಣುಕು ಕೇಳಿಸುವ ಬೇರಾ) ಮಾಡಿಸಿ ಎಂದು ಕೇಳಿ. ನಡುಗಿವಿಯ ಟಿಂಪನೊಮೆಟ್ರಿಯನ್ನು (ಗಾಳಿಯ ಒತ್ತಡ ಬದಲಿಸಿ ಕಿವಿತಮಟೆ ಹೇಗೆ ಅಲುಗುತ್ತದೆ ಎಂದು ನೋಡುವ ಪರೀಕ್ಷೆ) ಆರು ತಿಂಗಳೊಳಗಿನ ಕೂಸಿಗೆ 1,000 ಹರ್ಟ್ಸ್ ಸ್ವರದಲ್ಲೇ ಮಾಡಬೇಕು. 226 ಹರ್ಟ್ಸ್‌ನಲ್ಲಿ ನೀರು ತುಂಬಿದ ಕಿವಿಯೂ ಸರಿಯಾಗಿದ್ದಂತೆ ತೋರಬಹುದು.

ವರದಿಯಲ್ಲಿ ‘90 ಡೆಸಿಬೆಲ್‌ಗೂ ಪ್ರತಿಕ್ರಿಯೆ ಇಲ್ಲ’ ಎಂದಿದ್ದರೆ ಪೂರ್ತಿ ಕಿವುಡು ಎಂದು ತೀರ್ಮಾನಿಸಬೇಡಿ. ಕ್ಲಿಕ್‌ನ ಧ್ರುವತೆ ಬದಲಿಸಿ, ಕಾಕ್ಲಿಯರ್ ಮೈಕ್ರೋಫೋನಿಕ್ (ರೋಮಕೋಶಗಳ ವಿದ್ಯುತ್ ಸಂಕೇತ) ತಲೆಕೆಳಗಾಗುತ್ತದೆಯೇ ನೋಡಿದ್ದಾರಾ ಎಂದು ಆಡಿಯಾಲಜಿಸ್ಟ್‌ರನ್ನು ಕೇಳಿ. ನ್ಯೂರೋಪತಿ ಸಿಕ್ಕಿಬೀಳುವುದು ಅಲ್ಲೇ.