ಕಲಬುರಗಿ ಕೋಟೆಯನ್ನು ಅಳಿಸಿದರೆ ಬೀದರಿನ ಗೋಡೆ ಕಪ್ಪಾಗುವುದೇಕೆ?

ವಿಟಿಯು ಗ್ರಾಫಿಕ್ಸ್ ಲ್ಯಾಬಿನಲ್ಲಿ ಗ್ಲಟ್ (ವಿಂಡೋ ತೆರೆದುಕೊಡುವ ಲೈಬ್ರರಿ) ಬಳಸಿ ಓಪನ್‌ಜಿಎಲ್ (ಗ್ರಾಫಿಕ್ಸ್ ಬಿಡಿಸುವ ಫಂಕ್ಷನ್‌ಗಳ ಗುಂಪು) ಕಲಿತವರು ನಮ್ಮ ಕಲಬುರಗಿ, ಬೀದರ್ ಕಡೆ ಬಹಳ. ಗ್ಲಟ್‌ನಲ್ಲಿ ವಿಂಡೋ ತೆರೆದ ಕೂಡಲೇ ಅದರ ಕಾಂಟೆಕ್ಸ್ಟ್ (ಆ ವಿಂಡೋದ ಓಪನ್‌ಜಿಎಲ್ ಸ್ಥಿತಿಯೆಲ್ಲ ಇರುವ ಪೆಟ್ಟಿಗೆ) ತಾನಾಗಿಯೇ ಕರೆಂಟ್ ಆಗುತ್ತದೆ, ಅಂದರೆ ಮುಂದಿನ ಓಪನ್‌ಜಿಎಲ್ ಕರೆಗಳೆಲ್ಲ ಅದಕ್ಕೇ ಹೋಗುತ್ತವೆ. ಹೀಗಾಗಿ ಅಂಥದ್ದೊಂದು ಇದೆಯೆಂಬುದೇ ಗಮನಕ್ಕೆ ಬರುವುದಿಲ್ಲ. ತೊಡಕು ಶುರುವಾಗುವುದು ಎರಡನೇ ವಿಂಡೋ ತೆರೆದಾಗ.

ಒಂದು ವಿಂಡೋದಲ್ಲಿ ಕಲಬುರಗಿ ಕೋಟೆಯ ತ್ರೀಡಿ ಮಾದರಿ, ಇನ್ನೊಂದರಲ್ಲಿ ಬೀದರಿನ ಮಹಮೂದ್ ಗವಾನ್ ಮದರಸಾ ಅಂತಿಟ್ಟುಕೊಳ್ಳಿ. ಟೆಕ್ಸ್ಚರ್ (ಮಾದರಿಯ ಮೈಗೆ ಅಂಟಿಸುವ ಚಿತ್ರ) ಅಳಿಸುವ ಫಂಕ್ಷನ್‌ಗೆ ಕೊಡುವುದು ಬರೀ ಸಂಖ್ಯೆ. ಯಾವ ಕಾಂಟೆಕ್ಸ್ಟಿನದು ಎಂದು ಹೇಳಲು ಜಾಗವೇ ಇಲ್ಲ. ಪ್ರತಿ ಥ್ರೆಡ್‌ಗೂ (ಪ್ರೋಗ್ರಾಂನೊಳಗೆ ಬೇರೆಯಾಗಿ ಓಡುವ ಕೆಲಸದ ಎಳೆ) ಒಂದು ಖಾನೆ ಇರುತ್ತದೆ, ಆ ಕ್ಷಣಕ್ಕೆ ಅದರಲ್ಲಿ ಯಾವ ಕಾಂಟೆಕ್ಸ್ಟ್ ಇದೆಯೋ ಅದಕ್ಕೇ ಕೆಲಸ ಹೋಗುತ್ತದೆ. ಟೆಕ್ಸ್ಚರ್ ಮುಂತಾದವನ್ನು ಪರಸ್ಪರ ಹಂಚಿಕೊಳ್ಳದ ಎರಡು ಕಾಂಟೆಕ್ಸ್ಟ್‌ಗಳಲ್ಲೂ ಟೆಕ್ಸ್ಚರ್ ಸಂಖ್ಯೆ ಸಾಮಾನ್ಯವಾಗಿ 1ರಿಂದಲೇ ಶುರು. ಬೀದರಿನ ವಿಂಡೋ ಕರೆಂಟ್ ಇದ್ದಾಗ ಕೋಟೆಯ 1ನೇ ಟೆಕ್ಸ್ಚರ್ ಅಳಿಸಿದಿರೋ, ಹೋಗುವುದು ಮದರಸಾದ ಬಣ್ಣದ ಹೆಂಚು. ಅಳಿಸುವಾಗ ಎರರ್ ಬರುವುದಿಲ್ಲ. ಗೋಡೆ ಮಾತ್ರ ಕಪ್ಪಗೆ ಕಾಣುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಇದು ಹೆಚ್ಚಾಗಿ ಆಗುವುದು ಡಿಸ್ಟ್ರಕ್ಟರ್ (ಆಬ್ಜೆಕ್ಟ್ ನಾಶವಾಗುವಾಗ ತಾನಾಗಿ ಓಡುವ ಫಂಕ್ಷನ್) ಒಳಗೆ, ಯಾಕೆಂದರೆ ಅದು ಯಾವಾಗ ಓಡುತ್ತದೆ ಎಂದು ನಾವು ನೋಡುತ್ತಾ ಕೂತಿರುವುದಿಲ್ಲ.

ಆದ್ದರಿಂದ ಒಂದು ಚಿಕ್ಕ ಗಾರ್ಡ್ ಕ್ಲಾಸ್ ಬರೆಯಿರಿ: ಈಗಿನ ಕಾಂಟೆಕ್ಸ್ಟ್ ನೆನಪಿಟ್ಟುಕೊಂಡು, ಬೇಕಾದದ್ದನ್ನು ಕರೆಂಟ್ ಮಾಡಿ, ಕೆಲಸ ಮುಗಿದ ಮೇಲೆ ಹಳೆಯದನ್ನು ಮರಳಿಸಬೇಕು. ಎರಡೂ ಒಂದೇ ಆಗಿದ್ದರೆ ಬದಲಿಸಲೇಬೇಡಿ. ಸಾಮಾನ್ಯವಾಗಿ ಪ್ರತಿ ಬದಲಾವಣೆಯಲ್ಲೂ ಬಾಕಿ ಆಜ್ಞೆಗಳು ಫ್ಲಶ್ ಆಗುತ್ತವೆ (ಆಗಲೇ ಜಿಪಿಯುಗೆ ರವಾನೆಯಾಗುತ್ತವೆ), ವೇಗ ಕುಗ್ಗುತ್ತದೆ. ಜಿಎಲ್‌ಎಫ್‌ಡಬ್ಲ್ಯು (ಗ್ಲಟ್‌ನಂಥದೇ ಇನ್ನೊಂದು ಲೈಬ್ರರಿ) ಯಾವುದು ಕರೆಂಟ್ ಎಂಬುದಕ್ಕೆ ತನ್ನದೇ ದಾಖಲೆ ಇಟ್ಟುಕೊಳ್ಳುತ್ತದೆ. ಅದನ್ನು ಬಿಟ್ಟು ನೇರ ವಿಂಡೋಸ್ ಕರೆಯಿಂದ ಬದಲಿಸಿದರೆ ಆ ದಾಖಲೆ ಸುಳ್ಳಾಗುತ್ತದೆ, ಗಾರ್ಡೂ ಮೋಸಹೋಗುತ್ತದೆ.

ಒಂದು ಕಾಂಟೆಕ್ಸ್ಟ್ ಏಕಕಾಲಕ್ಕೆ ಎರಡು ಥ್ರೆಡ್‌ಗಳಲ್ಲಿ ಕರೆಂಟ್ ಆಗಲಾರದು. ಹಾಗೆ ಮಾಡಲು ಹೋದರೆ ಇಜಿಎಲ್ (ಕಾಂಟೆಕ್ಸ್ಟ್ ತೆರೆದು ನಿರ್ವಹಿಸುವ ಒಂದು ವ್ಯವಸ್ಥೆ) 'ಬ್ಯಾಡ್ ಆಕ್ಸೆಸ್' ಎಂಬ ಎರರ್ ಕೊಡುತ್ತದೆ. ಮೊದಲ ಥ್ರೆಡ್ ಅದನ್ನು ಬಿಟ್ಟುಕೊಟ್ಟ ಮೇಲೆಯೇ ಎರಡನೆಯದು ಹಿಡಿಯಬೇಕು. ಹಿನ್ನೆಲೆಯಲ್ಲಿ ಟೆಕ್ಸ್ಚರ್ ತುಂಬಲು ಹಂಚಿಕೆಯ ಇನ್ನೊಂದು ಕಾಂಟೆಕ್ಸ್ಟ್ ಮಾಡುವುದೇ ಮೇಲು. ಟೆಕ್ಸ್ಚರ್, ಬಫರ್ (ದತ್ತಾಂಶದ ತುಣುಕು), ಶೇಡರ್ (ಜಿಪಿಯುನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಹಂಚಿಕೆಯಾಗುತ್ತವೆ. ವಿಎಓ (ಬಫರಿನ ದತ್ತಾಂಶವನ್ನು ಹೇಗೆ ಓದಬೇಕೆಂಬ ವಿವರ), ಎಫ್‌ಬಿಓ (ಪರದೆಯ ಬದಲು ಚಿತ್ರ ಬಿಡಿಸುವ ಜಾಗ) ಆಗುವುದಿಲ್ಲ, ಅವನ್ನು ಪ್ರತಿ ಕಾಂಟೆಕ್ಸ್ಟಿನಲ್ಲೂ ಬೇರೆಯಾಗಿ ಕಟ್ಟಬೇಕು. ಟೆಕ್ಸ್ಚರ್ ತುಂಬಿದ ಥ್ರೆಡ್ ಫೆನ್ಸ್ ('ಇಲ್ಲಿಯವರೆಗಿನ ಕೆಲಸ ಮುಗಿಯಿತು' ಎಂದು ತಿಳಿಸುವ ಗುರುತು) ಹಾಕಿ ಫ್ಲಶ್ ಮಾಡಲಿ, ಬಳಸುವ ಥ್ರೆಡ್ ಆ ಫೆನ್ಸ್‌ಗೆ ಕಾದು ಟೆಕ್ಸ್ಚರನ್ನು ಮತ್ತೆ ಬೈಂಡ್ ಮಾಡಲಿ.

ಗ್ಲ್ಯಾಡ್ ಲೋಡರ್ (ಓಪನ್‌ಜಿಎಲ್ ಫಂಕ್ಷನ್‌ಗಳ ವಿಳಾಸ ಹುಡುಕಿ ಪಾಯಿಂಟರುಗಳಲ್ಲಿ ತುಂಬುವ ಕೋಡ್) ಕರೆಯುವುದು ಕಾಂಟೆಕ್ಸ್ಟ್ ಕರೆಂಟ್ ಆದ ನಂತರ. ಮೊದಲೇ ಕರೆದು, ಅದು ಕೊಟ್ಟ ಉತ್ತರವನ್ನೂ ನೋಡದಿದ್ದರೆ, ಪಾಯಿಂಟರುಗಳು ಖಾಲಿ ಉಳಿದು ಮೊದಲ ಓಪನ್‌ಜಿಎಲ್ ಕರೆಯಲ್ಲೇ ಪ್ರೋಗ್ರಾಂ ಬೀಳುತ್ತದೆ.

ಸ್ವಾಪ್ ಇಂಟರ್ವಲ್ (ಫ್ರೇಮ್ ತೋರಿಸುವ ಮುನ್ನ ಪರದೆಯ ಎಷ್ಟು ರಿಫ್ರೆಶ್‌ಗೆ ಕಾಯಬೇಕು ಎಂಬ ಸಂಖ್ಯೆ; 0 ಎಂದರೆ ಕಾಯುವುದೇ ಇಲ್ಲ) ಕೂಡ ಕರೆಂಟ್ ಕಾಂಟೆಕ್ಸ್ಟಿಗೇ ಅನ್ವಯ. ಒಂದೇ ಥ್ರೆಡ್ಡಿನ ಎರಡೂ ವಿಂಡೋಗಳಿಗೆ 1 ಇಟ್ಟರೆ 60 ಹರ್ಟ್ಜ್ ಪರದೆಯಲ್ಲಿ ಎರಡು ಸಲ ಕಾದು 30 ಫ್ರೇಮಿಗೆ ಇಳಿಯಬಹುದು. ಕೋಟೆಗೆ 1, ಮದರಸಾಕ್ಕೆ 0 ಇಡಿ.